ಎಡಗಡೆ ಪೆಡಲು

ಈ ಕಥೆಯನ್ನು ಮೊದಲು ಹೇಳಿದವಳು ಸೈಕಲ್ ಅಂಗಡಿಯ ಎದುರಿಗಿರುವ ಲಾಂಡ್ರಿಯ ಅಕ್ಕ. ಕಳೆದ ಚಳಿಗಾಲ ಮುಗಿಯುತ್ತ ಬಂದ ಒಂದು ಭಾನುವಾರ, ಬಟ್ಟೆ ಒಣಗಲೆಂದು ಬೆಂಚಿನ ಮೇಲೆ ಕಾದು ಕುಳಿತಿದ್ದ ನಾಲ್ಕೈದು ಮಂದಿಗೆ ಹೇಳಿದಳು. ಆಕೆಯ ಕಥೆಗಳಿಗೆಲ್ಲ ಒಂದೇ ಅಳತೆ: ಯಂತ್ರ ನಿಲ್ಲುವ ಹೊತ್ತಿಗೆ ಕಥೆಯೂ ನಿಲ್ಲಬೇಕು.

"ಬಿಚ್ಕೊಳ್ಳೋ, ಹಾಳಾದ್ದೇ!"

ಸೈಕಲ್ ಅಂಗಡಿಯ ಮುಂದೆ ಪರದೇಶದ ಹೆಂಗಸೊಬ್ಬಳು ಮಂಡಿಯೂರಿ ಕುಳಿತು, ತನ್ನ ಹಸಿರು ಸೈಕಲ್ಲಿನ ಪೆಡಲಿನೊಡನೆ ಜಗಳಕ್ಕಿಳಿದಿದ್ದಳು. ಪಕ್ಕದಲ್ಲಿ ಬಾಯಿ ತೆರೆದ ರಟ್ಟಿನ ಪೆಟ್ಟಿಗೆ. ಸಂಜೆಗೆ ವಿಮಾನ. ರಜೆ ಮುಗಿದಿತ್ತು.

ಅಂಗಡಿಯೊಳಗಿನಿಂದ ಎತ್ತರದ ಆಳೊಬ್ಬ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದು ನಿಂತ.

"ಹಾಗೆ ತಿರುಗಿಸಿದ್ರೆ ಬಿಚ್ಚಲ್ಲ. ಬಿಗಿಯಾಗುತ್ತೆ."

"ಎಲ್ಲಾ ತಿರುಪೂ ಹೀಗೇ ತಾನೆ ಬಿಚ್ಚೋದು!"

"ಎಡಗಡೆ ಪೆಡಲು ಮಾತ್ರ ಅಲ್ಲ. ಅದಕ್ಕೆ ಎಲ್ಲಾ ಉಲ್ಟಾ."

ಅಷ್ಟಕ್ಕೇ ಅವಳಿಗೆ ಅಳು ಬಂದುಬಿಟ್ಟಿತು! ಪೆಡಲಿಗಾಗಿ ಅಲ್ಲ. ಅವಳು ತನ್ನ ದೇಶದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದಾದಿ. ಇನ್ನೊಬ್ಬರ ಸಂತೋಷವನ್ನು ಬಟ್ಟೆಯಲ್ಲಿ ಸುತ್ತಿ ಅವರ ತೋಳಿಗೆ ಕೊಡುವ ಕೆಲಸ. ವರ್ಷವಿಡೀ ದುಡಿದು ಹದಿನೈದು ದಿನ ಈ ನದಿಯ ದಂಡೆಯಲ್ಲಿ ಸೈಕಲ್ ತುಳಿದಿದ್ದಳು. ಈಗ ಆ ಹದಿನೈದು ದಿನವನ್ನು ಬಿಡಿಬಿಡಿಯಾಗಿ ಕಳಚಿ ಪೆಟ್ಟಿಗೆಗೆ ತುಂಬಬೇಕಾಗಿತ್ತು...

ಆತ ಅಳುವನ್ನು ಕಂಡೂ ಕಾಣದವನಂತೆ ಕೇಳಿದ: "ಮತ್ತೆ ಬರ್ತೀರಾ?"

"ರಜೆ ಸಿಕ್ಕಿದ್ರೆ, ಬರೋ ವರ್ಷ."

"ಹಾಗಾದ್ರೆ ಬಿಚ್ಚೋದ್ಯಾಕೆ? ಇಲ್ಲೇ ಇರ್ಲಿ ಬಿಡಿ."

ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಿ ಅಂಗಡಿಯ ಹಿಂಗೋಡೆಯ ಕೊಕ್ಕೆಗೆ ತೂಗುಹಾಕಿದ.

ಹಾಗೆ ಶುರುವಾಯಿತು. ವರ್ಷಕ್ಕೊಮ್ಮೆ ಅವಳು ಒಂದು ಕೈಚೀಲ ಹಿಡಿದು ಬರುವಳು. ಸೈಕಲ್ಲು ಕೊಕ್ಕೆಯಿಂದ ಇಳಿಯುವುದು. ಚೈನಿಗೆ ಎಣ್ಣೆ, ಗಾಲಿಗೆ ಗಾಳಿ, ಬೆಲ್ಲಿಗೆ ಹೊಳಪು. ಹಗಲೆಲ್ಲ ದಂಡೆಯ ಮೇಲೆ ತುಳಿದು, ಸಂಜೆ ಅಂಗಡಿಯಲ್ಲಿ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕುಳಿತು ಚಹಾ ಕುಡಿಯುವಳು. ವಾರದ ರಜೆಯ ದಿನ ಅವನೂ ತನ್ನ ಸೈಕಲ್ ತೆಗೆದು ಜೊತೆಗೆ ಬರುವನು. ಇವಳು ಮಾತಾಡುವಳು, ಅವನು "ಹೂಂ" ಎನ್ನುವನು.

"ಇವನೊಬ್ಬ ಗುಮ್ಮನಗುಸುಕ ಕಣಮ್ಮ" ಎಂದು ಅವನ ತಾಯಿ ಗೊಣಗುತ್ತಿದ್ದಳು. "ಹುಟ್ಟಿದಾಗ ಅಳೋಕೂ ಯೋಚನೆ ಮಾಡಿದ!"

"ನೀವೂ ಬನ್ನಿ ಅಜ್ಜೀ, ಸೈಕಲ್ ಕಲಿಸ್ತೀನಿ" ಎಂದರೆ ಮುದುಕಿ ಊರುಗೋಲು ಕುಟ್ಟುವಳು: "ಎರಡು ಗಾಲಿ ನಂಬಿ ಕೂರೋಕೆ ನಾನೇನು ಸರ್ಕಸ್ಸಿನವಳಾ?"

ಪ್ರತಿ ವರ್ಷ ಹೊರಡುವ ದಿನ ಅವಳು ಬಾಗಿಲಲ್ಲಿ ಅರೆಗಳಿಗೆ ಹೆಚ್ಚಾಗಿ ನಿಲ್ಲುತ್ತಿದ್ದಳು. *ಏನಾದರೂ ಹೇಳುತ್ತಾನೇನೋ...* ಅವನು ಸೈಕಲ್ಲನ್ನು ಕೊಕ್ಕೆಗೆ ಏರಿಸುತ್ತಿದ್ದ. ಅಷ್ಟೇ.

ಒಂದು ವರ್ಷ ಅವಳಿಗೆ ಬರಲಾಗಲಿಲ್ಲ. ತಂದೆ ಹಾಸಿಗೆ ಹಿಡಿದಿದ್ದರು; ಅಷ್ಟನ್ನು ಅಂಗಡಿಗೆ ಪತ್ರ ಬರೆದು ತಿಳಿಸಿದಳು. ವಾರ್ಡಿನಲ್ಲೂ ದಾದಿ, ಮನೆಯಲ್ಲೂ ದಾದಿ. ಅಲ್ಲಿ ಬರುವವರನ್ನು ಎತ್ತಿಕೊಂಡಳು, ಇಲ್ಲಿ ಹೋಗುವವರ ಕೈ ಹಿಡಿದುಕೊಂಡಳು. ಅವರು ತೀರಿಹೋದ ಮೇಲೆ ಮನೆ ದೊಡ್ಡದಾಯಿತು. ಅವಳ ಮೈಯೋ, ನೀರು ಕುಡಿದ ಕಂಬಳಿಯಂತೆ ಭಾರವಾಯಿತು.

ಒಂದು ದಿನ ಅಂಗಡಿಗೆ ಫೋನು ಮಾಡಿದಳು. "ಈ ಸಲ ಬಂದಾಗ ಸೈಕಲ್ ಪ್ಯಾಕ್ ಮಾಡ್ಕೊಡಿ. ತಗೊಂಡು ಹೋಗ್ಬಿಡ್ತೀನಿ. ಇನ್ನು ಬರೋಕಾಗಲ್ಲ."

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ಹೂಂ."

ಆ ಒಂದು "ಹೂಂ" ಅವಳೊಳಗೆ ಮುಳ್ಳಿನಂತೆ ಮುರಿದುಕೊಂಡು ಕೂತಿತು. *ಇಷ್ಟು ವರ್ಷ ನಾನು ಕಾದದ್ದು ಇದಕ್ಕೇನಾ?*

ಟಿಕೆಟ್ಟು ಸಿಕ್ಕಿದ್ದರಿಂದ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ಬಂದಳು. ಬಸ್ಸಿಳಿದು, ಚೀಲ ಎಳೆಯುತ್ತ ಅಂಗಡಿಯ ಬೀದಿಗೆ ತಿರುಗಿದಾಗ...

ಟ್ರಿಣ್!

ಪಕ್ಕದಿಂದ ಒಂದು ಹಸಿರು ಸೈಕಲ್ಲು ಹಾದುಹೋಯಿತು. ಆ ಬೆಲ್ಲಿನ ಸದ್ದು ಅವಳಿಗೆ ಗೊತ್ತು! ಅದು ಅವಳದೇ ಸೈಕಲ್ಲು!

ತಿರುಗುವಷ್ಟರಲ್ಲಿ ಕಂಡದ್ದು ಬೆನ್ನು ಮಾತ್ರ: ಹೂಹೂವಿನ ತಲೆವಸ್ತ್ರ, ಹೆಂಗಸಿನ ಕೋಟು. ಹಿಂದೆ ಬುಟ್ಟಿ, ಬುಟ್ಟಿಯಲ್ಲಿ ಸೊಪ್ಪು, ಈರುಳ್ಳಿ. ಸೀಟು ತನ್ನ ಎತ್ತರಕ್ಕಿಂತ ಎರಡು ಬೆರಳು ತಗ್ಗು.

ಪ್ರವಾಸಿಯ ಸವಾರಿಯಲ್ಲ ಅದು. ಸಂಸಾರಸ್ಥೆಯ ಸವಾರಿ.

ಅಂಗಡಿಯಲ್ಲಿ ಕೊಕ್ಕೆ ಖಾಲಿಯಾಗಿತ್ತು. ಅವಳನ್ನು ಕಂಡು ಅವನ ಕೈಯಿಂದ ಸ್ಪ್ಯಾನರ್ ಜಾರಿತು.

"ನೀವು... ನಾಳೆ ಅಂದಿದ್ರಿ..."

"ನನ್ನ ಸೈಕಲ್ ಎಲ್ಲಿ?"

"ಅದು... ನಾಳೆ ಹೊತ್ತಿಗೆ ಸರಿ ಮಾಡಿಡ್ತೀನಿ."

ನಾಳೆ ಹೊತ್ತಿಗೆ! ಅವಳು ವಸತಿಗೃಹಕ್ಕೆ ಹೋಗಿ, ಬೂಟು ಸಹ ಕಳಚದೆ ಹಾಸಿಗೆಯ ಅಂಚಿನಲ್ಲಿ ಕುಳಿತಳು. *ಒಬ್ಬಳು ಬಂದಿದ್ದಾಳೆ. ಬರಲೇಬೇಕಲ್ಲ. ನಾನು ಯಾರು? ವರ್ಷಕ್ಕೆ ಹದಿನೈದು ದಿನದವಳು.* ಕೋಪ ಬರಬೇಕಿತ್ತು. ಕೋಪಕ್ಕೂ ತ್ರಾಣ ಬೇಕಲ್ಲ!

ಮರುದಿನ ಹೋದಾಗ ಸೈಕಲ್ಲು ಕೊಕ್ಕೆಯಲ್ಲಿತ್ತು. ಬುಟ್ಟಿ ಇಲ್ಲ. ಸೀಟು ಅವಳ ಎತ್ತರಕ್ಕೆ. ಏನೂ ನಡೆದೇ ಇಲ್ಲವೆಂಬಂತೆ ಫಳಫಳ ಹೊಳೆಯುತ್ತಿತ್ತು. ಆ ಹೊಳಪು ಕಂಡು ಅವಳಿಗೆ ನಿನ್ನೆಗಿಂತ ಹೆಚ್ಚು ನೋವಾಯಿತು.

"ಒರೆಸಿಬಿಟ್ರೆ ಮುಗೀತಾ?" ಎಂದಳು ಮೆಲ್ಲಗೆ. "ನಾನು ನಿನ್ನೆ ಬೀದೀಲಿ ನೋಡಿದೆ. ಹೇಳ್ಬಹುದಿತ್ತು ನೀವು. ನಾನೇನು ಜಗಳ ಆಡ್ತಿದ್ನಾ?"

"ಅದು ಹಾಗಲ್ಲ..."

"ಪೆಟ್ಟಿಗೆಗೆ ಹಾಕಿ. ದಯವಿಟ್ಟು."

ಅವನು ಸೈಕಲ್ಲನ್ನು ಕೊಕ್ಕೆಯಿಂದ ಇಳಿಸಿದ. ರಟ್ಟಿನ ಪೆಟ್ಟಿಗೆ ತಂದು ನೆಲಕ್ಕಿಟ್ಟ. ಮುಂದಿನ ಗಾಲಿ ಕಳಚಿದ. ಬಲಗಡೆಯ ಪೆಡಲು ಕಳಚಿದ. ಆಗಲೇ ಬೀದಿಯಿಂದ ದನಿ ಕೇಳಿತು.

"ಎಲ್ಲೋ ನನ್ನ ಕುದುರೆ? ಸಂತೆ ಮುಗಿದ್ಮೇಲೆ ಕೊಳೆತ ಬದನೆಕಾಯಿ ತರ್ಲಾ?"

ಹೂಹೂವಿನ ತಲೆವಸ್ತ್ರ ಕಟ್ಟಿ, ಕೈಯಲ್ಲಿ ಬುಟ್ಟಿ ಹಿಡಿದು, ಊರುಗೋಲಿಲ್ಲದೆ ಅಜ್ಜಿ ಒಳಗೆ ಬಂದಳು! ದಾದಿಯನ್ನು ಕಂಡು ಬುಟ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

"ಅಯ್ಯೋ, ಸಿಕ್ಕಿಬಿದ್ದೆ!"

"ಅಜ್ಜೀ... ನೀವಾ?"

"ಇನ್ಯಾರು? ಈ ಗುಮ್ಮನಗುಸುಕ ಹೇಳ್ಲಿಲ್ವಾ? ನಿನಗೆ ಗೊತ್ತಾಗ್ಬಾರ್ದು ಅಂತ ನಿನ್ನೆ ನನ್ನ ಬುಟ್ಟಿ ಕಿತ್ತಿಟ್ಟ!" ಅಜ್ಜಿ ಬೋರಲು ಪೆಟ್ಟಿಗೆಯ ಮೇಲೆ ಕುಳಿತಳು. "ಹೋದ ವರ್ಷ ನೀನು ಬರ್ಲಿಲ್ಲ. ಇವ್ನು ದಿನಾ ಅಂಗಡಿ ಮುಚ್ಚೋ ಮೊದ್ಲು ಇದರ ಗಾಲಿ ತಿರುಗಿಸಿ, ಅದು ನಿಲ್ಲೋ ತನಕ ನೋಡ್ತಾ ನಿಂತ್ಕೊಳ್ಳೋನು. ನನ್ನ ಹೊಟ್ಟೆ ಉರೀತು ಕಣಮ್ಮ. ನಿಂತ ಗಾಡಿಗೆ ತುಕ್ಕು ಹಿಡಿಯುತ್ತೆ, ಓಡಿಸೋ ಅಂದೆ. ಇವ್ನು ಕೂತ್ರೆ ಮಂಡಿ ಗಲ್ಲಕ್ಕೆ ಬಡಿಯುತ್ತೆ! ಸರಿ, ನಾನೇ ಕಲಿತೆ. ಪೊದೆಗೆ ಬಿದ್ದೆ, ಎದ್ದೆ, ಮತ್ತೆ ಬಿದ್ದೆ. ಈಗ ನೋಡು, ಮಂಡಿ ನೋವೇ ಇಲ್ಲ!"

ದಾದಿ ಅವನ ಕಡೆ ತಿರುಗಿದಳು. "ಒಂದು ಮಾತು ಕೇಳೋಕೇನಾಗಿತ್ತು?"

"ನಿಮ್ಮಪ್ಪ ಹಾಗಿದ್ರು..." ಅವನು ನೆಲ ನೋಡುತ್ತ ಹೇಳಿದ. "ಅಂಥಾ ಹೊತ್ತಲ್ಲಿ ಫೋನ್ ಮಾಡಿ ಸೈಕಲ್ ವಿಷಯ ಹೇಗೆ ಕೇಳೋದು? ಆಮೇಲೆ... ತಡ ಆಗೋಯ್ತು."

ಅವಳಿಗೆ ನಗು ಬಂತು. ಆದರೆ ಬಹಳ ದಿನದಿಂದ ಬಳಸದ ನಗು, ಬೇಗ ದಣಿಯಿತು. ಅಜ್ಜಿ ಇಬ್ಬರ ಮುಖವನ್ನೂ ನೋಡಿ, "ನಾನು ನಡೆದೇ ಹೋಗ್ತೀನಪ್ಪ" ಎಂದು ಎದ್ದುಹೋದಳು. ಆದರೆ ಬಾಗಿಲಾಚೆ ಹೆಜ್ಜೆಯ ಸದ್ದು ನಿಂತುಹೋಯಿತು.

"ತಪ್ಪು ತಿಳ್ಕೊಂಡೆ. ಬೇಜಾರು ಮಾಡ್ಕೋಬೇಡಿ" ಎಂದಳು. "ಆದ್ರೂ ಪ್ಯಾಕ್ ಮಾಡಿ."

"...ಯಾಕೆ?"

"ಸುಸ್ತಾಗಿದೆ ನಂಗೆ. ಹದಿನೈದು ದಿನ ಬದುಕೋದು, ಮಿಕ್ಕ ವರ್ಷವೆಲ್ಲ ಕಾಯೋದು. ಯಾವುದಕ್ಕೆ ಕಾಯ್ತಿದೀನಿ ಅಂತ ಯಾರಾದ್ರೂ ಹೇಳಿದ್ರೆ ಇನ್ನೂ ಕಾಯ್ತಿದ್ನೇನೋ. ಯಾರೂ ಹೇಳ್ಲಿಲ್ಲ."

ಅವನು "ಹೂಂ" ಎಂದ. ಬಾಗಿ ಸ್ಪ್ಯಾನರ್ ಎತ್ತಿಕೊಂಡ.

*ಮುಗಿಯಿತು.* ಅವಳು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುವ ಸದ್ದು. ನಿಂತಿತು. ಮತ್ತೆ ಸದ್ದು. ಒಂದು ಪೆಡಲಿಗೆ ಇಷ್ಟು ಹೊತ್ತೇ?

ಕಣ್ಣು ಬಿಟ್ಟಳು. ಅವನ ಹಣೆಯಲ್ಲಿ ಬೆವರಿತ್ತು. ಮೈಯ ಭಾರವನ್ನೆಲ್ಲ ಹಾಕಿ ಎಡಗಡೆಯ ಪೆಡಲನ್ನು ತಿರುಗಿಸುತ್ತಿದ್ದ. ಅವಳು ಅವನ ಕೈಯನ್ನು ನೋಡಿದಳು. ಅದು ತಿರುಗುತ್ತಿದ್ದ ದಿಕ್ಕನ್ನು ನೋಡಿದಳು.

"ನೀವು ಬಿಚ್ತಾ ಇಲ್ಲ" ಎಂದಳು. "ಬಿಗಿ ಮಾಡ್ತಾ ಇದೀರಿ."

"ಹೂಂ."

"ಎಡಗಡೆ ಪೆಡಲು ಅದು. ಉಲ್ಟಾ ತಿರುಗಿಸ್ಬೇಕು."

"ಗೊತ್ತು."

ಹುಟ್ಟಿದಂದಿನಿಂದ ಸೈಕಲ್ಲುಗಳ ನಡುವೆ ಬೆಳೆದವನು ಇನ್ನೊಂದು ಸುತ್ತು ಬಿಗಿ ಮಾಡಿದ. ಆಮೇಲೆ ಸ್ಪ್ಯಾನರನ್ನು ಕೆಳಗಿಟ್ಟು, ಮೊದಲ ಸಲ ಅವಳ ಕಣ್ಣನ್ನೇ ನೇರವಾಗಿ ನೋಡಿದ.

"ನಂಗೆ ಬಾಯಿಗೆ ಬರಲ್ಲ. ಇಷ್ಟು ವರ್ಷ ಗಾಳಿ ತುಂಬಿದೆ, ಎಣ್ಣೆ ಬಿಟ್ಟೆ, ಅದೇ ಮಾತು ಅಂದ್ಕೊಂಡಿದ್ದೆ. ನಿಮಗೆ ಕೇಳಿಸುತ್ತೆ ಅಂದ್ಕೊಂಡಿದ್ದೆ." ಕಳಚಿದ್ದ ಬಲಗಡೆಯ ಪೆಡಲನ್ನು ಕೈಗೆತ್ತಿಕೊಂಡ. "ಹೋಗ್ಬೇಡ."

ಇಷ್ಟು ವರ್ಷದಲ್ಲಿ ಅವನು ಅವಳಲ್ಲಿ ಏನನ್ನಾದರೂ ಕೇಳಿಕೊಂಡದ್ದು ಅದೇ ಮೊದಲು!

ಅವಳು ಕುಸಿದಂತೆ ಅವನ ಪಕ್ಕ ನೆಲದ ಮೇಲೆ ಕುಳಿತಳು. ಗ್ರೀಸು ಮೆತ್ತಿದ ಆ ತೋಳಿಗೆ ಹಣೆಯಿಟ್ಟಳು. ಅಳು ಬಂತು, ಸದ್ದಿಲ್ಲದೆ. ಅವನು ಅಲುಗಾಡದೆ ಭಾರ ಹೊತ್ತು ಕುಳಿತ.

"ನನ್ನ ಕೆಲಸ..." ಎಂದಳು ಕೊನೆಗೆ.

ಬಾಗಿಲಾಚೆಯಿಂದ ದನಿ ಬಂತು: "ಮಕ್ಕಳು ಎಲ್ಲಾ ಊರಲ್ಲೂ ಹುಟ್ತಾವೆ ಕಣಮ್ಮಾ!"

"ಅಮ್ಮಾ! ನೀನು ಸಂತೆಗೆ ಹೋಗ್ಲಿಲ್ವಾ?"

"ಹೊರಟೆ, ಹೊರಟೆ!"

ಈ ಸಲ ಅವಳ ನಗು ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

"ನಂಗೆ ಮೊದ್ಲು ನಿದ್ದೆ ಬೇಕು" ಎಂದಳು. "ತುಂಬಾ ದಿನದ ನಿದ್ದೆ."

"ಮಲ್ಕೋ. ನಾನು ಅಂಗಡೀಲೇ ಇರ್ತೀನಿ."

"ಎದ್ದ ಮೇಲೂ ಸುಸ್ತಾಗೇ ಇದ್ರೆ?"

"ಮತ್ತೆ ಮಲ್ಕೋ."

"ಆ ಪೆಡಲು ಇನ್ನು ಬಿಚ್ಚೋದು ಹೇಗೆ? ಅಷ್ಟು ಬಿಗಿ ಮಾಡಿದೀಯಲ್ಲ!"

"ನಂಗೆ ಬರಲ್ಲ" ಎಂದ ಗುಮ್ಮನಗುಸುಕ. "ಬೇರೆ ಅಂಗಡಿ ನೋಡ್ಕೋ."

ಇಲ್ಲಿಗೆ ಒಣಗಿಸುವ ಯಂತ್ರ ಸದ್ದು ಮಾಡಿ ನಿಂತಿತು. ಲಾಂಡ್ರಿಯ ಅಕ್ಕ ಎದ್ದು ಅದರ ಬಾಗಿಲು ತೆರೆದಳು. "ಆಮೇಲೆ?" ಎಂದರು ಬೆಂಚಿನ ಮೇಲಿನವರು.

ಅಕ್ಕ ಗಾಜಿನ ಕಿಟಕಿಯಿಂದಾಚೆ ಬೊಟ್ಟು ಮಾಡಿದಳು. ಎದುರಿನ ಅಂಗಡಿಯಲ್ಲಿ ದೀಪ ಉರಿಯುತ್ತಿತ್ತು. ಹಸಿರು ಸೈಕಲ್ಲು ಹೊರಗೆ ಗೋಡೆಗೆ ಒರಗಿತ್ತು, ಹಿಂದೆ ಬುಟ್ಟಿ. ಒಳಗಡೆ ಗೋಡೆಯ ಕೊಕ್ಕೆಯಲ್ಲಿ ಈಗ ತೂಗುತ್ತಿದ್ದದ್ದು ಒಂದು ಪ್ರಯಾಣದ ಕೈಚೀಲ. ಅದರ ಮೇಲೆ ತೆಳ್ಳಗೆ ಧೂಳು ಕೂತಿತ್ತು.

ಕೇಳುಗರು ಬಿಸಿ ಬಟ್ಟೆಗಳನ್ನು ಎದೆಗವಚಿಕೊಂಡು ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.