ಹತ್ತನೇ ಸಂಪರ್ಕ

ಆ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಾನು ಎಡನೀರಿನ ಹತ್ತಿರದ ಗುಡ್ಡದ ಮೇಲೆ ಕಾರು ನಿಲ್ಲಿಸಿ, ರೇಡಿಯೊದ ಮೈಕ್ ಕೈಯಲ್ಲಿ ಹಿಡಿದು, ಹದಿನೆಂಟರ ಹುಡುಗಿಯ ಹಾಗೆ ನಡುಗುತ್ತಿದ್ದೆ. ನನಗೆ ಅರುವತ್ತಾರು. ಗಂಡ ತೀರಿಹೋಗಿ ಹನ್ನೊಂದು ವರ್ಷ. ಓದಿದ್ದು ಐದನೇ ಕ್ಲಾಸು. ಹ್ಯಾಮ್ ಎಂಬ ಹವ್ಯಾಸಿ ರೇಡಿಯೊದ ಪರೀಕ್ಷೆಯನ್ನು ನಾಲ್ಕನೇ ಸಲಕ್ಕೆ ಪಾಸು ಮಾಡಿದಾಗ ಪರೀಕ್ಷೆ ನಡೆಸಿದವರೇ ಸಂತೋಷಕ್ಕೆ ಅತ್ತರು ಎಂದು ಎಲ್ಲರಿಗೂ ಹೇಳುತ್ತೇನೆ. ಅರ್ಧ ನಿಜ.

ನಡುಕಕ್ಕೆ ಕಾರಣ ಯುಜಿನ್; ನಮ್ಮ ಕಡೆ ಕ್ರಿಸ್ತಿಯನ್ನರನ್ನು ಕರೆಯುವಂತೆ ನನ್ನ ಬಾಯಲ್ಲಿ ‘ಪೊರ್ಬುಗಳು’. ಹಡಗಿನಲ್ಲಿ ಮೂವತ್ತು ವರ್ಷ ರೇಡಿಯೊ ಆಫೀಸರ್ ಆಗಿದ್ದವರು, ಮದುವೆಯಾಗದವರು. ಮೀಸೆ ಎಂಥದ್ದೆಂದರೆ ಅದರಲ್ಲಿ ಎರಡು ಗುಬ್ಬಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಮಾಡಿ ಹೋಗಬಹುದು.

ನಮ್ಮ ಕ್ಲಬ್ಬಿನ ಈ ಸ್ಪರ್ಧೆ ಓಡಾಡುವ ಕಾರುಗಳಿಗೆ. ಒಂದೊಂದು ಪಂಚಾಯತಿನಲ್ಲಿ ನಿಂತು ಬೇರೆಯವರೊಡನೆ ರೇಡಿಯೊದಲ್ಲಿ ಮಾತಾಡಬೇಕು. ಅವರು ಹೇಳಿದ ಸರಣಿ ನಂಬರನ್ನು ನಾವು, ನಾವು ಹೇಳಿದ್ದನ್ನು ಅವರು ಕೇಳಿ ಬರೆದುಕೊಂಡರೆ ಒಂದು ಸಂಪರ್ಕ, ಇಬ್ಬರಿಗೂ ಪಾಯಿಂಟು. ಪಂಚಾಯತು ಬದಲಾದರೆ ಅದೇ ಇಬ್ಬರು ಮತ್ತೆ ಮಾತಾಡಬಹುದು. ಹೋದ ವರ್ಷ ನಾನೂ ಯುಜಿನ್ನರೂ ಗಡಿ ದಾಟಿ ದಾಟಿ ನಲುವತ್ತಮೂರು ಸಲ ಮಾತಾಡಿದೆವು.

“ಇದು ಸ್ಪರ್ಧೆಯಾ ಸಂಸಾರವಾ? ಶುದ್ಧ ಅನ್ಯಾಯ ಮಾರಾಯ್ರೆ!” ಎಂದು ಉಳಿದವರು ಎದ್ದು ನಿಂತರು. ಸ್ಪರ್ಧೆ ನಡೆಸುವ ಕೃಷ್ಣಕುಮಾರ ಈ ವರ್ಷ ಹೊಸ ನಿಯಮ ತಂದ. ಒಂದೇ ಜೋಡಿ ಕಾರಿಗೆ ಹತ್ತೇ ಸಂಪರ್ಕ. ಕೊನೆಗೆ ಎಲ್ಲರ ಪುಸ್ತಕ ತಾಳೆ ನೋಡುತ್ತಾರೆ. ಒಬ್ಬರು ಬರೆಯದಿದ್ದರೆ ಇನ್ನೊಬ್ಬರಿಗೂ ಪಾಯಿಂಟಿಲ್ಲ. ಕೇಳದ್ದನ್ನು ಬರೆದರೆ ಇಬ್ಬರೂ ಹೊರಗೆ.

ಮಧ್ಯಾಹ್ನಕ್ಕೆ ನಮ್ಮ ಒಂಬತ್ತು ಮುಗಿದಿತ್ತು.

“ಪಂಕಜಕ್ಕ, ಇನ್ನು ಒಂದೇ ಉಂಟು,” ಎಂದು ಒಂಬತ್ತನೆಯದ್ದರ ಕೊನೆಗೆ ರೇಡಿಯೊದಲ್ಲೇ ಹೇಳಿದ್ದರು ಯುಜಿನ್. “ಅದನ್ನು ಶಿರಿಯದ ಕಡಲ ಬದಿಯಿಂದ ಮಾಡ್ತೇನೆ. ಅದೊಂದು ಸಿಕ್ಕಿದ್ರೆ ಫಸ್ಟ್ ಪ್ರೈಜ್ ನನಗೇ. ಮತ್ತೆ... ನಿಮ್ಮ ಹತ್ರ ಒಂದು ವಿಷಯ ಕೇಳ್ಲಿಕ್ಕುಂಟು.”

“ಈಗ್ಲೇ ಕೇಳಿ ಪೊರ್ಬುಗಳೇ. ನಾನು ಎಂತ ಓಡಿಹೋಗ್ತೇನಾ?”

“ಧೈರ್ಯ ಬರ್ಬೇಕು.”

“ಮೂವತ್ತು ವರ್ಷ ಕಡಲಲ್ಲಿದ್ದವರಿಗೆ ಧೈರ್ಯ ಇಲ್ವಾ?”

“ಕಡಲಿಗೆ ನಾನು ಅಷ್ಟು ಹೆದರುವುದಿಲ್ಲ.”

ಆ ಮಾತು ನನಗೆ ಹಿಡಿಸಲಿಲ್ಲ. ಜೂನ್ ತಿಂಗಳ ಕಡಲು ಬೆಳಗ್ಗಿನಿಂದ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗುಡ್ಡದ ಮೇಲೆ ಗಾಳಿ ನಿಂತಿತ್ತು. ಒಂದು ಕಾಗೆ ಕೂಡ ಇರಲಿಲ್ಲ.

ಮೂರೂಕಾಲಿಗೆ ಅವರ ಸ್ವರ ಬಂತು, ಹರಿದ ಬಟ್ಟೆಯ ಹಾಗೆ.

“ಪಂಕಜಕ್ಕ... ನಂಬರ್ ನೂರ...”

ಉಳಿದದ್ದು ಗರಗರ ಶಬ್ದದಲ್ಲಿ ಮುಳುಗಿತು. “ಪುನಃ ಹೇಳಿ,” ಎಂದೆ. ಪುನಃ ನೂರರವರೆಗೆ ಬಂದು ಮುಳುಗಿತು; ಸ್ವರ ಒಮ್ಮೆ ತೇಲುತ್ತಿತ್ತು, ಒಮ್ಮೆ ಮುಳುಗುತ್ತಿತ್ತು. ಅದರ ಹಿಂದೆ ಬೇರೊಂದು ಶಬ್ದವಿತ್ತು. ನೀರು ತಗಡಿಗೆ ಬಡಿಯುವ ಶಬ್ದ.

“ನೀರು ಎಲ್ಲಿವರೆಗೆ ಉಂಟು?”

“ಚಕ್ರದವರೆಗೆ. ಪರ್ವಾಗಿಲ್ಲ. ನಿಮಗೆ ನಂಬರ್ ಸಿಕ್ಕದೆ ನಾನು ಇಲ್ಲಿಂದ ಹೋಗುವುದಿಲ್ಲ.”

ಹೋಗುವುದಿಲ್ಲ ಎಂದರೆ ಹೋಗದ ಜನ ಅದು. ಆಮೇಲೆ ಅವರು ಉದ್ದಕ್ಕೆ ಏನೋ ಹೇಳಿದರು. ನನಗೆ ಕೇಳಿಸಿದ್ದು ‘ನೀವು’ ಎಂಬ ಒಂದೇ ಶಬ್ದ.

“ನಂಬರ್ ಕೇಳಿತಾ? ನಾನು ಹೇಳಿದ್ದೂ ಕೇಳಿತಾ?”

“ಕೇಳಿತು! ಎರಡೂ ಕೇಳಿತು! ಹೊರಡಿ!”

“ಹಾಗಾದ್ರೆ ಉತ್ತರ?”

“ಹೂಂ ಮಾರಾಯ್ರೆ, ಹೂಂ! ಈಗ ಕಾರು ತೆಗೀರಿ!”

ಆಮೇಲೆ ಏನೂ ಇಲ್ಲ.

ಹತ್ತು ಸಲ ಕರೆದೆ. ಕೃಷ್ಣಕುಮಾರ ನಡುವೆ ಬಂದ. “ಪಂಕಜಕ್ಕ, ಅವರ ಸ್ವರ ಯಾರಿಗೂ ಕೇಳ್ತಾ ಇಲ್ಲ,” ಎಂದ. ಸದಾ ಕೀಟಲೆ ಮಾಡುವ ಹುಡುಗನ ಮಾತಿನಲ್ಲಿ ನಗು ಇರಲಿಲ್ಲ.

ಗುಡ್ಡದಿಂದ ಶಿರಿಯಕ್ಕೆ ಮುಕ್ಕಾಲು ಗಂಟೆಯ ದಾರಿ. ನನಗದು ಮುಂಬಯಿಗಿಂತ ದೂರವಾಯಿತು. ಪಕ್ಕದ ಸೀಟಿನಲ್ಲಿ ರೇಡಿಯೊದ ದೀಪ ಸುಮ್ಮನೆ ಉರಿಯುತ್ತಿತ್ತು. ಗಂಡ ಹೋದ ದಿನ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗಲೂ ಒಳಗಿನಿಂದ ಹೀಗೆಯೇ ಏನೂ ಕೇಳಿಸಿರಲಿಲ್ಲ.

ಕಡಲ ಬದಿಗೆ ತಲುಪಿದಾಗ ಮೊದಲು ಕಂಡದ್ದು ಅವರ ಕಾರಿನ ಆಂಟೆನಾ. ಆಂಟೆನಾ ಮಾತ್ರ. ಅದು ನೀರಿನ ಮೇಲೆ ಅತ್ತ ಇತ್ತ ವಾಲುತ್ತಿತ್ತು.

ನನ್ನ ಉಸಿರು ನಿಂತದ್ದು ನಿಜ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

“ಪಂಕಜಕ್ಕ!”

ತಡೆಗೋಡೆಯ ಕಪ್ಪು ಕಲ್ಲುಗಳ ಮೇಲೆ ಕೂತಿದ್ದರು. ಮೊಣಕಾಲಿನಿಂದ ರಕ್ತ. ಮೀಸೆಯಿಂದ ನೀರು. ಮುಖದ ತುಂಬ ಮದುಮಗನ ನಗು.

“ಹೊರಡಿ ಅಂತ ಹೇಳಿದೆನಲ್ಲ! ಎಂತ ಮಾಡ್ತಾ ಇದ್ರಿ?”

“ನೀವು ಹೂಂ ಅಂದ್ರಲ್ಲ. ಕೈಕಾಲೇ ಆಡ್ಲಿಲ್ಲ. ಐದು ನಿಮಿಷ ಹಾಗೇ ಕೂತುಬಿಟ್ಟೆ. ಅಷ್ಟರಲ್ಲಿ ದೊಡ್ಡ ತೆರೆ ಬಂತು.”

ಅವರನ್ನು ಎಬ್ಬಿಸಲು ಹೇಳಿದ ಸುಳ್ಳೇ ಅವರನ್ನು ನೀರಿನಲ್ಲಿ ಕೂರಿಸಿತ್ತು.

ಅವರು ಅಂಗಿಯೊಳಗಿನಿಂದ ಒದ್ದೆ ಪುಸ್ತಕ ತೆಗೆದರು. “ಕಾರು ಹೋಗ್ಲಿ. ಹತ್ತನೆಯದ್ದು ಬರ್ಕೊಂಡಿದ್ದೀರಲ್ಲ?”

“ಬರೀಲಿಲ್ಲ.” ನಾನು ಕಲ್ಲಿನ ಮೇಲೆ ಕುಸಿದೆ. “ನಂಬರೂ ಕೇಳ್ಲಿಲ್ಲ, ಮಾತೂ ಕೇಳ್ಲಿಲ್ಲ. ನೀವು ಅಲ್ಲೇ ಸಾಯ್ತೀರಿ ಅಂತ ಹೆದರಿ ಸುಳ್ಳು ಹೇಳಿದೆ.”

ಅವರು ನನ್ನನ್ನು ನೋಡಿದರು. ನಂತರ ಪೆನ್ಸಿಲ್ ತೆಗೆದು ತಮ್ಮ ಕೊನೆಯ ಸಾಲಿನ ಮೇಲೆ ನಿಧಾನವಾಗಿ ಗೆರೆ ಎಳೆದರು.

“ಕೇಳದ್ದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ,” ಎಂದರು. “ಪ್ರೈಜೂ ಹೋಯ್ತು. ಹೂಂ ಕೂಡ ಹೋಯ್ತು.”

“ಎಂತ ಕೇಳಿದ್ದು ಅಂತ ಹೇಳಿ ಮಾರಾಯ್ರೆ. ಗುಡ್ಡದ ಮೇಲೆ ಕೂತ ನನಗೊಬ್ಬಳಿಗೆ ಬಿಟ್ಟು ಇಡೀ ಜಿಲ್ಲೆಗೆ ಕೇಳಿಸಿರ್ಬೇಕು.”

ಯುಜಿನ್ ಕಡಲಿನ ಕಡೆ ನೋಡಿಕೊಂಡೇ ಕೇಳಿದರು. “ಇನ್ನು ಇರುವಷ್ಟು ದಿನ ನೀವು ನನ್ನ ಜೊತೆ ಇರ್ತೀರಾ? ನನ್ನ ಮನೆಗೆ ಬರ್ಲಿಕ್ಕೆ ಕಷ್ಟ ಆದ್ರೆ ನಾನೇ ನಿಮ್ಮಲ್ಲಿಗೆ ಬರ್ತೇನೆ.”

ತೆರೆ ಗೋಡೆಗೆ ಅಪ್ಪಳಿಸಿತು. ಕೆಳಗಿನ ಒಂದು ಕಲ್ಲು ಉರುಳಿ ನೀರಿಗೆ ಬಿತ್ತು. ಆಂಟೆನಾ ಈಗ ಕಾಣಿಸುತ್ತಿರಲಿಲ್ಲ.

“ನೀವೇ ಬನ್ನಿ,” ಎಂದೆ. ಅವರ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. “ಇದು ಕೇಳಿ ಹೇಳಿದ್ದು. ಈಗ ಏಳಿ. ಇನ್ನು ಐದು ನಿಮಿಷ ಕೂತ್ರೆ ಮದುವೆಗೆ ಮೊದ್ಲೇ ನಾನು ಎರಡನೇ ಸಲ ವಿಧವೆ.”

ಅವರು ಎದ್ದರು, ಒಂದು ಹಡಗಿನಷ್ಟು ಭಾರವನ್ನು ನನ್ನ ಭುಜದ ಮೇಲೆ ಹಾಕಿ. ಹಿಂದೆ ತಿರುಗಿ ನೋಡಲು ನಾನು ಬಿಡಲಿಲ್ಲ.