ಹಿರಿಯರ ಪಾಲಿನ ತತ್ತಿ

೨೦೨೪ರ ಜನವರಿ ೨೧, ಭಾನುವಾರ, ಮಧ್ಯಾಹ್ನ ೨ ಗಂಟೆ ೧೦ ನಿಮಿಷ. ದೇವಾಪುರದ ಮನೆಯ ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತಿದ್ದ ದೇವಕಮ್ಮನ ತುಟಿ ಜುಮ್ಮೆಂದಿತು. ಸುಣ್ಣ ಹೆಚ್ಚಾಯಿತೆಂದು ಉಗುಳಿ ಬಾಯಿ ಮುಕ್ಕಳಿಸಿದಳು. ಜುಮ್ಮು ನಾಲಿಗೆಗೆ ಇಳಿಯಿತು.

ಮಗ ಮೌನಪ್ಪ ಮಲ್ಪೆಯಲ್ಲಿ ದೋಣಿಯ ಕೆಲಸಕ್ಕಿದ್ದ. ಅವನು ಬಸ್ಸಿಗೆ ಹಾಕಿ ಕಳಿಸಿದ್ದ ಮೀನಿನ ಡಬ್ಬಿ ಬೆಳಿಗ್ಗೆ ಬಂದಿತ್ತು. ಅದರ ಮೇಲೆ ಹೆಂಡತಿ ಪರಿಮಳಾಳ ಹೆಸರಿತ್ತು. ಹೆತ್ತವಳ ಹೆಸರಿಲ್ಲ! ದೇವಕಮ್ಮನ ಹೊಟ್ಟೆ ಆಗಲೇ ಉರಿದಿತ್ತು. ಡಬ್ಬಿಯಲ್ಲೊಂದು ದುಂಡು ಹೊಟ್ಟೆಯ, ಹಲ್ಲು ಕಿಸಿದ ಮೀನು. ಸೀಳಿದಾಗ ಒಳಗೆ ಮುಷ್ಟಿ ತುಂಬ ತತ್ತಿ. ಪರಿಮಳಾ ಅನುಮಾನಪಟ್ಟು ಗಂಡನಿಗೆ ಫೋಟೊ ಕಳಿಸಿದಳು.

"ತಪ್ಪಿ ಸೇರ್ಯದ ಅದು. ಬೆಕ್ಕಿಗೂ ಹಾಕಬ್ಯಾಡ!" ಎಂದ ಮೌನಪ್ಪ ಫೋನಿನಲ್ಲಿ.

"ನಂಜಿನ ಮೀನಂತ್ರಿ ಅತ್ತಿ," ಎಂದಳು ಪರಿಮಳಾ.

"ಬೆಂಕಿಗೆ ಯಾವ ನಂಜು ಉಳೀತದ? ನನ್ನ ಪಾಲು ತಪ್ಪಿಸಾಕ ಗಂಡ ಹೆಂಡ್ತಿ ಕೂಡಿ ಹೇಳಿಕೊಟ್ಟೀರಿ!"

ಮೀನಿನ ತತ್ತಿ ಆ ಮನೆಯಲ್ಲಿ ಎಂದಿಗೂ ಹಿರಿಯರ ಪಾಲು. ಸೊಸೆ ಅದನ್ನು ತಿಪ್ಪೆಗೆ ಚೆಲ್ಲಿ ನೀರಿಗೆ ಹೋದಳು. ದೇವಕಮ್ಮ ಆರಿಸಿ ತಂದು, ಹುಣಸೆ ನೀರಿನಲ್ಲಿ ಮೂರು ಸಲ ತೊಳೆದು, ಹುರಿದು ತಿಂದಳು.

ಮೂರು ಗಂಟೆಯ ಹೊತ್ತಿಗೆ ಬೆರಳು ತನ್ನವಲ್ಲ ಎನಿಸಿತು. ಪಕ್ಕದ ಓಣಿಯಿಂದ ಮಗಳು ಸಾಯಬಮ್ಮ ಓಡಿ ಬಂದಳು.

"ಏನ್ ತಿಂದಿದಿ ಅವ್ವಾ?"

ತಿಪ್ಪೆಯಿಂದ ಆರಿಸಿದ್ದನ್ನು ಮಗಳೆದುರು ಹೇಗೆ ಹೇಳುವುದು...? ದೇವಕಮ್ಮನ ಕೈ ಸೊಸೆಯತ್ತ ತಿರುಗಿತು. "ಇಕಿ... ಕೊಟ್ಲು..."

ಅಲ್ಲಿಗೆ ನಾಲಿಗೆ ನಿಂತಿತು.

ಸುರಪುರದ ಆಸ್ಪತ್ರೆಯಲ್ಲಿ ಅವಳ ಎದೆಯೂ ಏಳದಾಯಿತು. ರೆಪ್ಪೆ ತೆರೆಯಲಾಗಲಿಲ್ಲ. ಆದರೆ ಕಿವಿ... ಕಿವಿಗೆ ಎಲ್ಲವೂ ಕೇಳುತ್ತಿತ್ತು!

"ಸತ್ಲಪೋ ನಮ್ಮವ್ವ! ವಿಷ ಹಾಕಿ ಕೊಂದಿ! ನಿನ್ನ ಜೇಲಿಗಿ ಹಾಕಿಸ್ದೆ ಬಿಡಂಗಿಲ್ಲ!" ಎಂದು ಸಾಯಬಮ್ಮ ಚೀರಿದಳು.

ಪರಿಮಳಾ ಮನೆಯಿಂದ ಹೊರಡುವಾಗ ಬಾಣಲೆಗೆ ಅಂಟಿದ್ದ ತತ್ತಿಯ ಕಾಳನ್ನು ಕಂಡಿದ್ದಳು. ಡಾಕ್ಟರತ್ತ ತಿರುಗಿ, "ಡಾಕ್ಟರ್ರೆ, ಹಲ್ಲಿನ ಮೀನಿನ ತತ್ತಿರಿ. ತಿಳೀದ ನಾನೇ ಹುರಿದು ಕೊಟ್ಟೆ," ಎಂದಳು.

ಸುಳ್ಳು! ದೇವಕಮ್ಮ ಒಳಗೇ ಕೂಗಿದಳು. ಒಂದು ಬೆರಳೂ ಅಲುಗಲಿಲ್ಲ.

"ಬೇಯಿಸಿದರೂ ಹೋಗದ ವಿಷ ಇದು. ಮದ್ದಿಲ್ಲ. ಎಚ್ಚರ ಇರತಾರ, ಉಸಿರು ಮಾತ್ರ ಹೋಗತದ. ನಂಜು ಇಳಿಯೋತನಕ ನಾವೇ ಉಸಿರು ಕೊಟ್ಟರ ಉಳೀತಾರ," ಎಂದರು ಡಾಕ್ಟರು. "ಕಲಬುರಗಿಗೆ ಮುಟ್ಟೋತನಕ ಯಾರಾದ್ರೂ ಈ ಗಾಳಿ ತುಂಬೋ ಚೀಲ ಒತ್ತತಾನೇ ಇರಬೇಕು. ಐದು ಸೆಕೆಂಡಿಗೊಮ್ಮೆ."

ಆಂಬುಲೆನ್ಸಿನ ನರ್ಸಿನಿಂದ ಚೀಲ ಇಸಿದುಕೊಂಡ ಪರಿಮಳಾ ಮತ್ತೆ ಬಿಡಲಿಲ್ಲ. ದಾರಿಯುದ್ದಕ್ಕೂ ಅವಳ ಬೆರಳ ನಟಿಕೆ ಮುರಿಯುವ ಸದ್ದು ದೇವಕಮ್ಮನಿಗೆ ಕೇಳುತ್ತಿತ್ತು. ನಡುವೆ ಬಾಗಿ ಕಿವಿಯಲ್ಲಿ ಪಿಸುಗುಟ್ಟಿದಳು:

"ಕೇಳಾಕತ್ತದಲ್ರಿ ಅತ್ತಿ? ತಿಪ್ಪಿ ಮಾತು ನಮ್ಮಿಬ್ಬರಾಗೇ ಇರಲಿ. ಎದ್ದು ಬೈರ್ರಿ ನನ್ನ... ದಿನಾ ಬೈದಂಗ ಬೈರ್ರಿ!"

ಮುಚ್ಚಿದ ರೆಪ್ಪೆಯಂಚಿನಿಂದ ಒಂದು ಹನಿ ಇಳಿಯಿತು. ಪರಿಮಳಾಳ ಕೈ ಮಾತ್ರ ನಿಲ್ಲಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕಲಬುರಗಿಯ ಆಸ್ಪತ್ರೆಯಲ್ಲಿ ಉಸಿರಿಗೆಂದು ಗಂಟಲಿಗೆ ಇಳಿಸಿದ್ದ ಕೊಳವೆ ತೆಗೆದರು. ಸಾಯಬಮ್ಮನ ದೂರಿನ ಮೇಲೆ ಬಂದಿದ್ದ ಹವಾಲ್ದಾರ ಕಾಗದ ಹಿಡಿದು ನಿಂತಿದ್ದ. "ಹೇಳಮ್ಮಾ, ಸೊಸಿ ಏನ್ ಕೊಟ್ಲು?"

ಬಾಗಿಲಲ್ಲಿ ಪರಿಮಳಾ ತಲೆ ತಗ್ಗಿಸಿದ್ದಳು. ಬೆರಳುಗಳು ಊದಿ ಇನ್ನೂ ಮಡಚುತ್ತಿರಲಿಲ್ಲ.

"ಆಕಿ ಚೆಲ್ಲಿದ್ಲು..." ದೇವಕಮ್ಮನ ದನಿ ಹರಿದಿತ್ತು. "ತಿಪ್ಪ್ಯಾಗಿಂದ ನಾನೇ ಆರಿಸಿ ತಿಂದೆ. ಸಾಯಬಿ, ನೀನೂ ಕೇಳು... ನಂಜು ಸೊಸಿದಲ್ಲ, ನಂದು!"

ಸಾಯಬಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹವಾಲ್ದಾರ ಕಾಗದ ಮಡಚಿದ. ದೇವಕಮ್ಮ ಹತ್ತಿರ ಬಂದ ಸೊಸೆಯ ಊದಿದ ಕೈಯನ್ನು ತನ್ನೆದೆಯ ಮೇಲೆ ಇಟ್ಟುಕೊಂಡಳು. ನರ್ಸು ಗಡಿಯಾರ ನೋಡುತ್ತ ಎಣಿಸಿ ಬರೆದಳು: ಸ್ವಂತ ಉಸಿರು, ನಿಮಿಷಕ್ಕೆ ಹದಿನಾರು.