ದಕ್ಕೆವೀರನ ಗುರಾಣಿ

ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಗುರಾಣಿ ಇರಲಿಲ್ಲ.

ಬ್ರಹ್ಮಾವರದ ಸಭಾಭವನದಲ್ಲಿ ಅಂದು ಹತ್ತೂವರೆಗೆ ದೋಣಿ ನಿಲ್ಲುವ ದಕ್ಕೆಯನ್ನು ಕಾಯುವ 'ದಕ್ಕೆವೀರ'ನ ಚಿತ್ರಕಥೆಯ ನೂರನೇ ಸಂಚಿಕೆಯ ಬಿಡುಗಡೆ. ವೀರನ ದುಂಡನೆಯ ಕೆಂಪು ಗುರಾಣಿಯನ್ನು ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿಸಿ, ಹಿಂದಿನ ಸಂಜೆ ಇಲ್ಲಿ ತೂಗುಹಾಕಿದವಳು ಅದರ ಚಿತ್ರಗಾರ್ತಿ ಶರಣ್ಯಾ. ಎಂಟಕ್ಕೆ ಬಾಗಿಲು ತೆಗೆದಾಗ ಅದು ಮಾಯ.

ಎಸ್.ಐ. ಪ್ರಭಾವತಿ ಬರುವಷ್ಟರಲ್ಲಿ ಕಳ್ಳ ಯಾರೆಂದು ತೀರ್ಮಾನವೇ ಆಗಿಹೋಗಿತ್ತು. ಕಾವಲುಗಾರ ಐತ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

"ಕೀ ಇವನ ಹತ್ರ. ಇನ್ನೇನು ಬೇಕು ಮೇಡಂ?" ಎಂದ ಪ್ರಕಾಶಕ ಮನೀಷ್. ಮುಂಬೈಯಲ್ಲಿ ಹುಟ್ಟಿ ಬೆಳೆದವನು.

"ನಾ ಮುಟ್ಲಿಲ್ಲೆ ಅಮ್ಮ," ಐತ ಕಣ್ಣೊರೆಸಿಕೊಂಡ. "ಗೇಟಿಂದ ಒಂದ್ ಸಾಮಾನೂ ಹೊರಗ್ ಹೋಯ್ಲಿಲ್ಲೆ. ಇಪ್ಪತ್ತ್ ವರ್ಸ ಊಟದ್ ಮನೆಯಂಗೆ ಪಾತ್ರ ತೊಳ್ದವ ನಾನ್. ಒಂದ್ ಚಮ್ಚ ಕಳ್ದಿತ್ತ್ ಅಂದವ್ರಿಲ್ಲೆ."

ಕೇಸಾದರೆ ಕೆಲಸ ಹೋಗುತ್ತದೆ. ಕೆಲಸಕ್ಕಿಂತ ಮೊದಲು ಮಾನ. ಪ್ರಭಾವತಿಗೆ ಅದು ಗೊತ್ತಿತ್ತು. ಆದರೆ ಕಣ್ಣೀರು ಸಾಕ್ಷಿಯಲ್ಲವಲ್ಲ!

*

ನಿಂತಲ್ಲಿ ನಿಲ್ಲಲಾಗಲಿಲ್ಲ ಅವಳಿಗೆ. ಮಧ್ಯಾಹ್ನದ ಊಟಕ್ಕೆ ಅಡುಗೆಯವರು ಪಾತ್ರೆ ತಂದ ಟೆಂಪೋದೊಳಗೆ ಹುಡುಕಿಸಿದಳು. ಖಾಲಿ. ಯಾರೊಡನಾದರೂ ಜಗಳವಿತ್ತೇ ಎಂದು ಶರಣ್ಯಾಳನ್ನು ಕೇಳಿದಳು.

"ವೀರನ್ ಕೈಗೆ ಗನ್ ಕೊಡಿ ಅಂತ್ರ್ ಮನೀಷ್. ನಾನ್ ಒಪ್ಲಿಲ್ಲೆ. ಗುರಾಣಿ ಹೊಡೂಕಲ್ಲ ಮೇಡಂ, ಹಿಂದೆ ನಿಂತವ್ರನ್ನ ಕಾಯುಕೆ."

ಪ್ರಭಾವತಿ ಹಿಂದಿನ ಅಡುಗೆಮನೆಗೆ ನಡೆದಳು. ಕಟ್ಟಿಗೆ ಒಲೆಯಲ್ಲಿ ಅನ್ನ ಬೇಯುತ್ತಿತ್ತು. ಮಸಿ ಹಿಡಿಯದಿರಲೆಂದು ಪಾತ್ರೆಗಳ ತಳಕ್ಕೆಲ್ಲ ಒದ್ದೆ ಬೂದಿ ಬಳಿದಿದ್ದರು. ಗೋಡೆಗೆ ಮುಚ್ಚಳಗಳು ಒರಗಿದ್ದವು. ಅವುಗಳಲ್ಲಿ ಒಂದಕ್ಕೆ ಮಾತ್ರ ಮೈತುಂಬ ಬೂದಿ. ನಾವುಂದ ಊರಿನ ಅಡುಗೆಯವರ ಮಗಳಾದ ಪ್ರಭಾವತಿ ಅಲ್ಲೇ ನಿಂತಳು.

"ಹ್ವಾಯ್ ಅಣ್ಣಯ್ಯ, ಮುಚ್ಚಳಕ್ಕೂ ಬೂದಿ ಬಳಿತ್ರ್ಯಾ?"

ಅಡುಗೆಯ ಅಣ್ಣಯ್ಯ ನಕ್ಕರು. "ಮುಚ್ಚಳಕ್ಕೆ ಬೆಂಕಿ ತಾಗತ್ತಾ ಮಾರಾಯ್ರೆ? ನಾವ್ ಏಳಕ್ಕೆ ಚಾ ಕುಡುಕೆ ಹೋದಾಗ ಯಾವ ಮಂಡೆ ಸಮ ಇಲ್ದವ ಬಳ್ದದ್ದೋ!"

ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಕೆಂಪು ಬಣ್ಣ ಕಂಡಿತು.

*

"ಗೇಟಂಗೆ ಐತ ಇದ್ದ. ಹೊರಗ್ ಸಾಗಿಸುಕೆ ಆಯ್ಲಿಲ್ಲೆ," ಎಂದಳು ಪ್ರಭಾವತಿ. "ಹಾಂಗಾಗಿ ಕಳ್ಳ ಅದನ್ನ ಪಾತ್ರೆ ನಡುವೆ ಇಟ್ಟ. ಬಣ್ಣ ಮುಚ್ಚುಕೆ ಬೂದಿ ಬಳ್ದ. ಅಡುಗೆಯವ್ರ್ ಈ ತಪ್ಪ್ ಮಾಡುದಿಲ್ಲ. ಇಪ್ಪತ್ತ್ ವರ್ಸ ಪಾತ್ರ ತೊಳ್ದ ಐತ ಮಾಡುದೇ ಇಲ್ಲ. ಒಲೆ ಹತ್ರ ಹೋಗದವ ಮಾಡ್ತ. ಭವನ ಬಾಡಿಗೆಗೆ ಹಿಡಿದವ್ರಿಗೆ ಇನ್ನೊಂದ್ ಕೀ ಕೊಡ್ತ್ರ್, ಅಲ್ದಾ ಮನೀಷ್? ವಾಚ್ ಬಿಚ್ಚಿ."

ಪಟ್ಟಿಯ ಕೊಂಡಿಗಳಲ್ಲಿ ಬೂದಿ ಒಣಗಿ ಕೂತಿತ್ತು.

ಮನೀಷ್ ಬೆವರಿದ. "ಗುರಾಣಿ ಕಳೆದ್ರೆ ವೀರ ಗನ್ ಹಿಡೀಲೇಬೇಕಲ್ಲ? ಪೇಪರಲ್ಲೂ ಸುದ್ದಿ ಆಗ್ತಿತ್ತು. ಐತನನ್ನು ಆಮೇಲೆ ಬಿಡಿಸ್ತಿದ್ದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಇಷ್ಟು ವರ್ಷ ಅವನಿಗೆ ಬಹುವಚನವನ್ನೇ ಕೊಟ್ಟಿದ್ದ ಶರಣ್ಯಾ ಈಗ ಅದನ್ನು ಬಿಟ್ಟಳು.

"ನೂರ್ ಸಂಚಿಕೆ ಅಚ್ಚ್ ಹಾಕ್ದೆ. ಒಂದಾರೂ ಓದಿದ್ಯಾ? ವೀರ ಬೇರೆಯವ್ರ್ ಮುಂದೆ ನಿಂತ್ಕಣ್ತ. ನೀ ಐತಣ್ಣನ್ನ ಮುಂದೆ ದೂಡಿ ಹಿಂದೆ ನಿಂತೆ!"

ಪ್ರಭಾವತಿ ಐತನ ತೋಳು ಹಿಡಿದು ಎಬ್ಬಿಸಿ ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

"ಅಮ್ಮ, ಮನೆಗೊಂದ್ ಫೋನ್ ಮಾಡ್ತ್ರ್ಯಾ? ಸುದ್ದಿ ಕೇಂಡ್ ಹೆಂಡ್ತಿ ಕಣ್ಣೀರ್ ಹಾಕಿ ಮರ್ಕ್ತಾ ಇತ್ತ್. ನಾನ್ ಕಳ್ಳ ಅಲ್ಲ ಅಂದ್ ನೀವೇ ಹೇಳಿ. ನಾನ್ ಹೇಳ್ರೆ ಯಾರೂ ನಂಬುದಿಲ್ಲ."

ಪ್ರಭಾವತಿ ಫೋನ್ ತೆಗೆದು ನಂಬರ್ ಕೇಳಿದಳು.